ವೀರ್ಯಾಣು ಬಲಿಯಲು ವಿಟಮಿನ್, ಕ್ಯಾಲ್ಸಿಯಂ: ಮಾತ್ರೆ ಕೊಳ್ಳುವ ಮೊದಲು ಮಾಡಬೇಕಾದ್ದು

ವೀರ್ಯ ಪರೀಕ್ಷೆಯ ರಿಪೋರ್ಟಿನಲ್ಲಿ ಸಂಖ್ಯೆ ಕಡಿಮೆ, ಚಲನೆ ಕಡಿಮೆ ಅಂತ ಬಂದ ಕೂಡಲೇ ಎಲ್ಲರೂ ಕೇಳುವುದು ಇದನ್ನೇ: ಯಾವ ವಿಟಮಿನ್ ತೆಗೆದುಕೊಳ್ಳಲಿ, ಎಷ್ಟು ದಿನ? ಈಚೆಗೆ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ. ಕ್ಯಾಲ್ಸಿಯಂ ಇಲ್ಲದೆ ವೀರ್ಯಾಣು ಈಜುವುದೇ ಇಲ್ಲವಂತೆ, ಹಾಗಾದರೆ ಕ್ಯಾಲ್ಸಿಯಂ ಮಾತ್ರೆ ಶುರು ಮಾಡಲಾ? ಒಬ್ಬೊಬ್ಬರಿಗೂ ಬೇರೆಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಮಾತ್ರೆ ಕೊರತೆಯನ್ನು ತುಂಬುತ್ತದೆ. ಕೊರತೆಯೇ ಇಲ್ಲದವರಿಗೆ ಅದರಿಂದ ಆಗುವ ಲಾಭ ತೀರಾ ಕಡಿಮೆ, ಕೆಲವೊಮ್ಮೆ ನಷ್ಟವೇ ಜಾಸ್ತಿ. ಅದಕ್ಕೇ ಈ ಬರಹದಲ್ಲಿ ಮಾತ್ರೆಯ ಸರದಿ ತಡವಾಗಿ ಬರುತ್ತದೆ.

ನಿಮ್ಮ ಹತ್ತಿರ ಇರಬೇಕಾದದ್ದು: ಕನಿಷ್ಠ ಎರಡು ವೀರ್ಯ ಪರೀಕ್ಷೆಯ ರಿಪೋರ್ಟ್, ಒಂದು ರಕ್ತ ಪರೀಕ್ಷೆ, ಈಗ ನುಂಗುತ್ತಿರುವ ಎಲ್ಲ ಮಾತ್ರೆ-ಪುಡಿಗಳ ಪಟ್ಟಿ, ಮತ್ತೆ ಮೂರು ತಿಂಗಳ ತಾಳ್ಮೆ.

1. ಮೂರು ತಿಂಗಳ ಲೆಕ್ಕ ಅರ್ಥ ಮಾಡಿಕೊಳ್ಳಿ

ಎರಡು ಪದ ಬಿಡಿಸಿ ಹೇಳುತ್ತೇನೆ. ವೀರ್ಯ ಎಂದರೆ ಹೊರಬರುವ ದ್ರವ. ವೀರ್ಯಾಣು ಎಂದರೆ ಅದರೊಳಗೆ ಈಜುವ, ಬಾಲ ಇರುವ ಜೀವಕೋಶ. ದ್ರವದ ಬಹುಪಾಲು ಪ್ರಾಸ್ಟೇಟ್ ಮತ್ತು ಅದರ ಹತ್ತಿರದ ಗ್ರಂಥಿಗಳಿಂದ ಬರುತ್ತದೆ. ಹಾಗಾಗಿ ಗಟ್ಟಿ ಇದೆಯಾ, ನೀರಾಗಿದೆಯಾ ಅಂತ ಕಣ್ಣಲ್ಲಿ ನೋಡಿ ವೀರ್ಯಾಣುಗಳ ಬಗ್ಗೆ ಏನೂ ಹೇಳಲು ಬರುವುದಿಲ್ಲ.

ವೃಷಣದಲ್ಲಿ ಒಂದು ಮೂಲಕೋಶ ಒಡೆದು, ರೂಪ ಬದಲಿಸಿ ವೀರ್ಯಾಣು ಆಗಲು ಸುಮಾರು 74 ದಿನ ಹಿಡಿಯುತ್ತದೆ. ಅಷ್ಟಾದ ಮೇಲೂ ಅದಕ್ಕೆ ಈಜು ಬರುವುದಿಲ್ಲ. ಅಲ್ಲಿಂದ ಅದು ಎಪಿಡಿಡಿಮಿಸ್‌ಗೆ ಹೋಗುತ್ತದೆ. ಇದು ವೃಷಣದ ಹಿಂಬದಿಗೆ ಅಂಟಿಕೊಂಡ ಸುರುಳಿ ನಾಳ. ಬಿಡಿಸಿ ಹರವಿದರೆ ಸುಮಾರು 6 ಮೀಟರ್ ಉದ್ದ ಆಗುತ್ತದೆ. ಅದನ್ನು ದಾಟಲು ಕೆಲವು ದಿನಗಳಿಂದ ಹೆಚ್ಚೂಕಡಿಮೆ ಎರಡು ವಾರದವರೆಗೆ ಬೇಕು. ದಾರಿಯಲ್ಲಿ ವೀರ್ಯಾಣುವಿನ ಹೊರಪೊರೆ ಬದಲಾಗುತ್ತದೆ, ನೇರ ಮುಂದಕ್ಕೆ ಈಜುವ ಶಕ್ತಿ ಬರುತ್ತದೆ. ವೀರ್ಯಾಣು ಬಲಿಯುವುದು ಎಂದರೆ ಇದೇ.

ಅಂದರೆ ಇವತ್ತಿನ ರಿಪೋರ್ಟ್ ನಿಮ್ಮ ಕಳೆದ ಮೂರು ತಿಂಗಳ ಕಥೆ. ಎರಡು ತಿಂಗಳ ಹಿಂದೆ ಜೋರು ಜ್ವರ ಬಂದಿದ್ದರೆ ಅದರ ಪೆಟ್ಟು ಈಗ ಕಾಣಬಹುದು. ಇವತ್ತು ಶುರು ಮಾಡಿದ ಮಾತ್ರೆಯ ಫಲ ನೋಡಬೇಕೆಂದರೂ ಮೂರು ತಿಂಗಳು ಬೇಕು. "15 ದಿನದಲ್ಲಿ ಸಂಖ್ಯೆ ದುಪ್ಪಟ್ಟು" ಎನ್ನುವ ಜಾಹೀರಾತನ್ನು ನಂಬಬೇಡಿ, ದೇಹದ ವೇಗವೇ ಅಷ್ಟಿಲ್ಲ.

2. ವೀರ್ಯ ಪರೀಕ್ಷೆಯನ್ನು ಸರಿಯಾಗಿ ಮಾಡಿಸಿ

ಬಹಳ ಜನ ಎಡವುವುದು ಇಲ್ಲೇ. ಪರೀಕ್ಷೆಗೆ ಮೊದಲು 2ರಿಂದ 7 ದಿನ ವೀರ್ಯ ಹೊರಹೋಗಿರಬಾರದು. ಒಂದೇ ದಿನದ ಅಂತರ ಇದ್ದರೆ ಸಂಖ್ಯೆ ಕಡಿಮೆ ಬರುತ್ತದೆ. ಜಾಸ್ತಿ ದಿನ ತಡೆದರೆ ಒಳ್ಳೆಯದು ಅಂದುಕೊಂಡು ಹದಿನೈದು ದಿನ ಬಿಟ್ಟು ಹೋದರೆ ಸತ್ತ, ನಿಧಾನವಾದ ವೀರ್ಯಾಣುಗಳೇ ಹೆಚ್ಚು ಸಿಗುತ್ತವೆ.

ಸಾಧ್ಯವಾದರೆ ಲ್ಯಾಬಿನಲ್ಲೇ ಮಾದರಿ ಕೊಡಿ. ಮನೆಯಿಂದ ತರುವುದಾದರೆ ಒಂದು ಗಂಟೆಯೊಳಗೆ ತಲುಪಿಸಿ, ಡಬ್ಬಿಯನ್ನು ಒಳಜೇಬಿನಲ್ಲಿ ಮೈಶಾಖಕ್ಕೆ ಹತ್ತಿರ ಇಟ್ಟುಕೊಳ್ಳಿ. ಫ್ರಿಜ್ ಬೇಡ. ಸಾಮಾನ್ಯ ಕಾಂಡೋಮ್, ಎಣ್ಣೆ, ಸೋಪು, ಎಂಜಲು ಯಾವುದೂ ತಾಗಬಾರದು. ಮೊದಲ ಹನಿಗಳು ಕೆಳಗೆ ಬಿದ್ದಿದ್ದರೆ ಮುಚ್ಚಿಡದೆ ಲ್ಯಾಬಿನವರಿಗೆ ಹೇಳಿ. ವೀರ್ಯಾಣುಗಳು ಹೆಚ್ಚು ಇರುವುದು ಆ ಭಾಗದಲ್ಲೇ.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಕೆಳಗಿನ ಮಿತಿಗಳು ಹೀಗಿವೆ: ಪ್ರಮಾಣ 1.4 ಮಿಲಿಲೀಟರ್, ಒಂದು ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು, ಒಟ್ಟು 3.9 ಕೋಟಿ, ಚಲಿಸುವವು ಶೇಕಡಾ 42, ಮುಂದಕ್ಕೆ ಈಜುವವು ಶೇಕಡಾ 30, ಸರಿಯಾದ ಆಕಾರದವು ಶೇಕಡಾ 4. ಕೊನೆಯ ಅಂಕಿ ನೋಡಿ ಗಾಬರಿಯಾಗುವವರೇ ಜಾಸ್ತಿ. ನೂರಕ್ಕೆ 96 ವೀರ್ಯಾಣುಗಳ ಆಕಾರ ಸರಿ ಇಲ್ಲದಿದ್ದರೂ ಅದು ಮಿತಿಯೊಳಗೇ ಇದೆ, ಅಲ್ವಾ? ಈ ಅಂಕಿಗಳು ಪಾಸು-ಫೇಲಿನ ಗೆರೆಗಳೂ ಅಲ್ಲ. ಒಂದು ವರ್ಷದೊಳಗೆ ಗರ್ಭ ನಿಂತ ದಂಪತಿಗಳ ಗಂಡಸರನ್ನೇ ಅಳೆದು, ಅವರಲ್ಲಿ ಅತಿ ಕೆಳಗಿನ ಶೇಕಡಾ 5 ಮಂದಿ ಎಲ್ಲಿ ಬೀಳುತ್ತಾರೋ ಅಲ್ಲಿ ಗೆರೆ ಎಳೆದಿದ್ದಾರೆ. ಅಂದರೆ ಗೆರೆಯ ಕೆಳಗಿದ್ದೂ ತಂದೆಯಾದವರು ಇದ್ದಾರೆ.

ರಿಪೋರ್ಟ್ ಕೆಟ್ಟದಾಗಿ ಬಂದರೆ ಕೆಲವು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಿ. ಒಬ್ಬನೇ ಮನುಷ್ಯನ ಅಂಕಿಗಳು ವಾರದಿಂದ ವಾರಕ್ಕೆ ಸಿಕ್ಕಾಪಟ್ಟೆ ಏರಿಳಿಯುತ್ತವೆ. ಕೆಟ್ಟ ರಿಪೋರ್ಟಿನ ನಂತರದ್ದು ತಾನಾಗಿಯೇ ಸ್ವಲ್ಪ ಉತ್ತಮ ಬರುವ ಸಾಧ್ಯತೆ ಹೆಚ್ಚು. ನಡುವೆ ಯಾವ ಮಾತ್ರೆ ನುಂಗಿದ್ದರೂ ಹೆಸರು ಅದಕ್ಕೇ ಹೋಗುತ್ತದೆ. "ನನಗೆ ಇದರಿಂದಲೇ ಆಯ್ತು" ಎನ್ನುವ ಎಷ್ಟೋ ಮಾತುಗಳ ಹಿಂದೆ ಇಷ್ಟೇ ಇರುತ್ತದೆ.

3. ವಿಟಮಿನ್ ಮುಟ್ಟದ ಕಾರಣಗಳನ್ನು ಮೊದಲು ನೋಡಿ

ರಿಪೋರ್ಟಿನಲ್ಲಿ ವೀರ್ಯಾಣು ಒಂದೂ ಇಲ್ಲ ಎಂದು ಬಂದಿದ್ದರೆ ವಿಟಮಿನ್ ಯೋಚನೆಯನ್ನೇ ಬದಿಗಿಡಿ. ನಾಳ ಕಟ್ಟಿಕೊಂಡಿರಬಹುದು, ಹಾರ್ಮೋನ್ ತೊಂದರೆ ಇರಬಹುದು, ವರ್ಣತಂತುಗಳ ದೋಷ ಇರಬಹುದು. ಯೂರಾಲಜಿಸ್ಟ್ ಅಥವಾ ಆಂಡ್ರಾಲಜಿಸ್ಟ್ ನೋಡಬೇಕು. ಆಂಡ್ರಾಲಜಿಸ್ಟ್ ಎಂದರೆ ಗಂಡಸರ ಸಂತಾನ ಸಮಸ್ಯೆಗಳ ತಜ್ಞ.

ವೆರಿಕೋಸೀಲ್ ಇನ್ನೊಂದು ಸಾಮಾನ್ಯ ಕಾರಣ. ವೃಷಣದ ಮೇಲಿನ ರಕ್ತನಾಳಗಳು ಉಬ್ಬಿಕೊಂಡು ಅಲ್ಲಿ ಶಾಖ ಏರುತ್ತದೆ. ವೃಷಣಕ್ಕೆ ಬೇಕಾದದ್ದು ಮೈಶಾಖಕ್ಕಿಂತ 2ರಿಂದ 4 ಡಿಗ್ರಿ ತಂಪು. ಎಲ್ಲ ಗಂಡಸರಲ್ಲಿ ಸುಮಾರು ಶೇಕಡಾ 15 ಮಂದಿಗೆ ಇದು ಇರುತ್ತದೆ. ಮಕ್ಕಳಾಗದೆ ಪರೀಕ್ಷೆಗೆ ಬರುವ ಗಂಡಸರಲ್ಲಿ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು. ವೈದ್ಯರು ನಿಲ್ಲಿಸಿ, ಕೈಯಿಂದ ಮುಟ್ಟಿ ನೋಡಿದರೆ ತಿಳಿಯುತ್ತದೆ. ನಾಚಿಕೆಯಿಂದ ಈ ತಪಾಸಣೆ ತಪ್ಪಿಸಿಕೊಂಡು ವರ್ಷಗಟ್ಟಲೆ ಮಾತ್ರೆ ನುಂಗುವವರಿದ್ದಾರೆ.

ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ ಟೆಸ್ಟೋಸ್ಟೆರಾನ್ ಬಗ್ಗೆ. ಗಂಡಸುತನದ ಹಾರ್ಮೋನ್ ತಾನೇ, ಚುಚ್ಚಿಸಿಕೊಂಡರೆ ವೀರ್ಯಾಣು ಹೆಚ್ಚುತ್ತವೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಆಗುವುದು ಪೂರಾ ಉಲ್ಟಾ. ಹೊರಗಿನಿಂದ ಬಂದ ಹಾರ್ಮೋನ್ ಕಂಡು ಮೆದುಳು ವೃಷಣಕ್ಕೆ ಕೊಡುವ ಸೂಚನೆಯನ್ನೇ ನಿಲ್ಲಿಸುತ್ತದೆ, ವೀರ್ಯಾಣು ಸೊನ್ನೆಗೂ ಇಳಿಯಬಹುದು. ಮೈಕಟ್ಟಿಗೆಂದು ಜಿಮ್‌ಗಳಲ್ಲಿ ಕೈಬದಲಾಗುವ ಸ್ಟೆರಾಯ್ಡ್‌ಗಳೂ ಇದೇ ಜಾತಿ. ನಿಲ್ಲಿಸಿದ ಮೇಲೂ ಚೇತರಿಸಿಕೊಳ್ಳಲು ತಿಂಗಳುಗಳು ಬೇಕು, ಕೆಲವರಿಗೆ ವರ್ಷ ದಾಟುತ್ತದೆ.

ಸಿಗರೇಟು, ಮಿತಿಮೀರಿದ ಕುಡಿತ, ಬೊಜ್ಜು, ದಿನವೂ ಬಿಸಿನೀರಿನ ತೊಟ್ಟಿಯಲ್ಲಿ ಕೂರುವುದು, ಇವೆಲ್ಲ ನಿಮಗೆ ಗೊತ್ತಿರುವಂಥವೇ. ಅವನ್ನು ಹಾಗೇ ಮುಂದುವರಿಸಿಕೊಂಡು ಮಾತ್ರೆಗೆ ದುಡ್ಡು ಸುರಿಯಬೇಡಿ.

4. ಕ್ಯಾಲ್ಸಿಯಂ: ಕೆಲಸ ನಿಜ, ಮಾತ್ರೆಯ ಲೆಕ್ಕ ಬೇರೆ

ವೀರ್ಯಾಣುವಿಗೆ ಕ್ಯಾಲ್ಸಿಯಂ ಬೇಕೇ ಬೇಕು. ಹೇಗೆ ಅಂತ ಸ್ವಲ್ಪ ವಿವರವಾಗಿ ನೋಡೋಣ, ಗೊಂದಲ ಇರುವುದು ಇಲ್ಲೇ.

ಹೊರಬಂದ ವೀರ್ಯಾಣು ತಕ್ಷಣ ಅಂಡಾಣುವನ್ನು ಸೇರಲಾರದು. ಹೆಣ್ಣಿನ ದೇಹದೊಳಗೆ ಕೆಲವು ಗಂಟೆ ಕಳೆದು ಇನ್ನೊಂದು ಸುತ್ತು ಸಿದ್ಧವಾಗಬೇಕು. ಇದಕ್ಕೆ ಕೆಪಾಸಿಟೇಶನ್ ಎನ್ನುತ್ತಾರೆ. 1951ರಲ್ಲಿ ಚಾಂಗ್ ಮತ್ತು ಆಸ್ಟಿನ್ ಎಂಬ ಇಬ್ಬರು ವಿಜ್ಞಾನಿಗಳು ಬೇರೆಬೇರೆಯಾಗಿ ಇದನ್ನು ಕಂಡುಕೊಂಡರು. ಈ ಹೊತ್ತಿನಲ್ಲಿ ವೀರ್ಯಾಣುವಿನ ಬಾಲಕ್ಕೆ ಕ್ಯಾಲ್ಸಿಯಂ ನುಗ್ಗುತ್ತದೆ. ನುಗ್ಗುವ ಬಾಗಿಲಿನ ಹೆಸರು ಕ್ಯಾಟ್‌ಸ್ಪರ್. 2001ರಲ್ಲಿ ಪತ್ತೆಯಾದ ಈ ಬಾಗಿಲು ಇರುವುದು ವೀರ್ಯಾಣುವಿನ ಬಾಲದಲ್ಲಿ. ಅಂಡಾಣುವಿನ ಸುತ್ತಲಿನ ಕೋಶಗಳಿಂದ ಬರುವ ಪ್ರೊಜೆಸ್ಟರಾನ್ ಹಾರ್ಮೋನ್ ಮನುಷ್ಯರಲ್ಲಿ ಈ ಬಾಗಿಲನ್ನು ತೆರೆಸುತ್ತದೆ ಎಂದು 2011ರಲ್ಲಿ ತಿಳಿಯಿತು. ಕ್ಯಾಲ್ಸಿಯಂ ಒಳಗೆ ಬಂದೊಡನೆ ಬಾಲ ಚಾವಟಿ ಬೀಸಿದ ಹಾಗೆ ಜೋರಾಗಿ ಬಡಿಯತೊಡಗುತ್ತದೆ. ಅಂಡಾಣುವಿನ ಹೊರಕವಚ ದಾಟಲು ತಲೆಯ ತುದಿಯಲ್ಲಿರುವ ಕಿಣ್ವಗಳು ಬಿಡುಗಡೆಯಾಗಬೇಕು, ಅದಕ್ಕೂ ಕ್ಯಾಲ್ಸಿಯಂ ಬೇಕು.

ಅಂದರೆ ಜಾಸ್ತಿ ಇದ್ದಷ್ಟೂ ಒಳ್ಳೆಯದಾ? ಎಪಿಡಿಡಿಮಿಸ್‌ನಲ್ಲಿ ನೋಡಿದರೆ ಕಥೆ ತಿರುಗುಮುರುಗು. ವೀರ್ಯಾಣು ಬಲಿಯುವ ಜಾಗದಲ್ಲಿ ದೇಹವೇ ಕ್ಯಾಲ್ಸಿಯಂ ಅನ್ನು ಹೀರಿ ತೆಗೆದು ಕಡಿಮೆ ಮಾಡುತ್ತದೆ. ಹಾಗೆ ಹೀರುವ ಒಂದು ಬಾಗಿಲನ್ನು ಇಲಿಗಳಲ್ಲಿ ಕೆಡಿಸಿ ನೋಡಿದ ಪ್ರಯೋಗ 2011ರಲ್ಲಿ ಪ್ರಕಟವಾಯಿತು. ನಾಳದಲ್ಲಿ ಕ್ಯಾಲ್ಸಿಯಂ ಹತ್ತುಪಟ್ಟು ಏರಿತು, ವೀರ್ಯಾಣುಗಳು ಚಲನೆ ಕಳೆದುಕೊಂಡವು, ಬಹಳಷ್ಟು ಸತ್ತೂ ಹೋದವು. ಒಟ್ಟಿನಲ್ಲಿ ಎಷ್ಟು ಇದೆ ಎನ್ನುವುದಕ್ಕಿಂತ ಎಲ್ಲಿ, ಯಾವಾಗ ಎನ್ನುವುದು ಮುಖ್ಯ.

ಈಗ ಮಾತ್ರೆಯ ವಿಷಯ. ರಕ್ತದ ಕ್ಯಾಲ್ಸಿಯಂ ಅನ್ನು ದೇಹ ಬಿಗಿಯಾಗಿ ಕಾಯುತ್ತದೆ, ಒಂದು ಡೆಸಿಲೀಟರಿಗೆ ಸುಮಾರು 8.5ರಿಂದ 10.5 ಮಿಲಿಗ್ರಾಂ. ಕ್ಯಾಲ್ಸಿಯಂ ಕಡಿಮೆಯಾದರೆ ಕತ್ತಿನಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಅದನ್ನು ಮೂಳೆಯಿಂದ ತರಿಸುತ್ತವೆ. ಜಾಸ್ತಿಯಾದರೆ ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಹಾಗಾಗಿ ಹೆಚ್ಚುವರಿ ನುಂಗಿದ ಕ್ಯಾಲ್ಸಿಯಂ ಸೀದಾ ವೀರ್ಯಾಣುವಿನ ಬಾಲಕ್ಕೆ ಹೋಗುವ ದಾರಿಯೇ ಇಲ್ಲ. ಕ್ಯಾಟ್‌ಸ್ಪರ್ ಬಾಗಿಲೇ ಹುಟ್ಟಿನಿಂದ ಕೆಟ್ಟಿರುವ ಕೆಲವೇ ಗಂಡಸರಿಗಂತೂ ಎಷ್ಟು ಮಾತ್ರೆ ಕೊಟ್ಟರೂ ಪ್ರಯೋಜನವಿಲ್ಲ.

ಮಾಡಬೇಕಾದ್ದು ಇಷ್ಟು: 19ರಿಂದ 50 ವಯಸ್ಸಿನ ಗಂಡಸಿಗೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಬೇಕು, ಅದು ಮೂಳೆ-ಸ್ನಾಯುಗಳಿಗಾಗಿ. ಹಾಲಿನ ಪದಾರ್ಥ, ಸೊಪ್ಪು, ಎಳ್ಳು ಇವುಗಳಿಂದ ಅದು ಸಿಗುತ್ತಿದ್ದರೆ ಮಾತ್ರೆ ಬೇಡ. ಸಿಗದಿದ್ದರೆ ಕೊರತೆ ಬಿದ್ದಷ್ಟನ್ನು ಮಾತ್ರ ತೆಗೆದುಕೊಳ್ಳಿ, ಒಂದು ಸಲಕ್ಕೆ 500 ಮಿಲಿಗ್ರಾಂ ಮೀರಬೇಡಿ. ಅದಕ್ಕಿಂತ ಹೆಚ್ಚಾದರೆ ಕರುಳು ಸರಿಯಾಗಿ ಹೀರುವುದಿಲ್ಲ. ಕಾರ್ಬೊನೇಟ್ ರೂಪದ್ದಾದರೆ ಊಟದ ಜೊತೆ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಎರಡರ ನಡುವೆ 4 ಗಂಟೆ ಅಂತರ ಬಿಡಿ. ಕಿಡ್ನಿಯಲ್ಲಿ ಕಲ್ಲು ಆಗಿದ್ದವರು ವೈದ್ಯರನ್ನು ಕೇಳದೆ ಶುರು ಮಾಡಬೇಡಿ.

5. ರಕ್ತದಲ್ಲಿ ಕೊರತೆ ಇದೆಯಾ ನೋಡಿ

ಕೇಳಬೇಕಾದ ಪರೀಕ್ಷೆಗಳು: ವಿಟಮಿನ್ ಡಿ, ಬಿ12, ಕ್ಯಾಲ್ಸಿಯಂ. ರಿಪೋರ್ಟಿನಲ್ಲಿ ವಿಟಮಿನ್ ಡಿ "25 ಹೈಡ್ರಾಕ್ಸಿ" ಎಂದು ಬರುತ್ತದೆ. ವೀರ್ಯಾಣು ಸಂಖ್ಯೆ ತುಂಬಾ ಕಡಿಮೆ ಇದ್ದರೆ ವೈದ್ಯರು ಬೆಳಗಿನ ಟೆಸ್ಟೋಸ್ಟೆರಾನ್ ಮತ್ತು ಎಫ್‌ಎಸ್‌ಎಚ್ (ವೃಷಣಕ್ಕೆ ಸೂಚನೆ ಕೊಡುವ ಹಾರ್ಮೋನ್) ಕೂಡ ಬರೆಯುತ್ತಾರೆ. ವಿಟಮಿನ್ ಸಿ, ಇ ಎಲ್ಲ ಅಳೆಸುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ.

ಎಡವುವ ಒಂದು ಚಿಕ್ಕ ಜಾಗ ಇಲ್ಲಿದೆ. ಕೂದಲು-ಉಗುರಿಗೆಂದು ಮಾರುವ ಮಾತ್ರೆಗಳಲ್ಲಿ ಬಯೋಟಿನ್ ಹೇರಳವಾಗಿರುತ್ತದೆ. ಅದು ಕೆಲವು ಲ್ಯಾಬ್ ಯಂತ್ರಗಳ ಲೆಕ್ಕ ತಪ್ಪಿಸಿ ಹಾರ್ಮೋನ್ ಮಟ್ಟವನ್ನು ತಪ್ಪಾಗಿ ತೋರಿಸಬಹುದು. ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ, ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ಕೇಳಿ.

6. ಯಾವ ವಿಟಮಿನ್, ಯಾರಿಗೆ?

ವಿಟಮಿನ್ ಡಿ ವಿಷಯದಲ್ಲಿ ಆಸೆ ಹುಟ್ಟಿಸುವ ಸಂಗತಿಗಳಿವೆ. ಅದನ್ನು ಗುರುತಿಸಿ ಹಿಡಿಯುವ ರಿಸೆಪ್ಟರ್ ವೀರ್ಯಾಣುವಿನಲ್ಲೇ ಇದೆ. ಡಿ ಕಡಿಮೆ ಇರುವವರಲ್ಲಿ ಚಲನೆಯೂ ಕಡಿಮೆ ಇರುವುದನ್ನು ಹಲವು ಅಧ್ಯಯನಗಳು ಕಂಡಿವೆ. ಆದರೆ ಕೊಟ್ಟು ನೋಡಿದಾಗ? ಡೆನ್ಮಾರ್ಕಿನಲ್ಲಿ ಡಿ ಮಟ್ಟ ಕಡಿಮೆ ಇದ್ದ, ಮಕ್ಕಳಾಗದ 330 ಗಂಡಸರ ಮೇಲೆ ನಡೆದ ಪ್ರಯೋಗ 2018ರಲ್ಲಿ ಪ್ರಕಟವಾಯಿತು. ಮೊದಲು ಒಂದು ದೊಡ್ಡ ಡೋಸ್, ಆಮೇಲೆ ದಿನಕ್ಕೆ 1400 ಯುನಿಟ್ ವಿಟಮಿನ್ ಡಿ ಮತ್ತು 500 ಮಿಲಿಗ್ರಾಂ ಕ್ಯಾಲ್ಸಿಯಂ, 150 ದಿನ. ರಕ್ತದಲ್ಲಿ ಡಿ ಏರಿತು. ವೀರ್ಯದ ಗುಣಮಟ್ಟ ಬದಲಾಗಲಿಲ್ಲ. ಸಂಖ್ಯೆ ಕಡಿಮೆ ಇದ್ದವರ ಗುಂಪಿನಲ್ಲಿ ಮಕ್ಕಳಾದದ್ದು ಸ್ವಲ್ಪ ಹೆಚ್ಚು ಕಂಡಿತು, ಆದರೆ ಅಷ್ಟರ ಮೇಲೆ ತೀರ್ಮಾನಕ್ಕೆ ಬರುವ ಹಾಗಿಲ್ಲ. ಕ್ಯಾಲ್ಸಿಯಂ ಕೇಳಿದವರಿಗೂ ಇದೇ ಪ್ರಯೋಗ ಉತ್ತರ. ರಕ್ತದಲ್ಲಿ ಒಂದು ಮಿಲಿಲೀಟರಿಗೆ 20 ನ್ಯಾನೋಗ್ರಾಂಗಿಂತ ಕಡಿಮೆ ಇದ್ದರೆ ಡಿ ತುಂಬಿಸಿಕೊಳ್ಳಿ, ಮೂಳೆಗಾದರೂ ಅದು ಬೇಕು. ವೈದ್ಯರು ಹೇಳದೆ ದಿನಕ್ಕೆ 4000 ಯುನಿಟ್ ದಾಟಬೇಡಿ.

ಬಿ12 ಕೊರತೆ ಮಾಂಸ, ಮೊಟ್ಟೆ, ಹಾಲು ಕಡಿಮೆ ತಿನ್ನುವವರಲ್ಲಿ ಮತ್ತು ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವ ಮಧುಮೇಹಿಗಳಲ್ಲಿ ಸಾಮಾನ್ಯ. ಕೋಶ ವಿಭಜನೆಗೆ ಇದು ಬೇಕು, ವೃಷಣದಲ್ಲಿ ಆ ಕೆಲಸ ಹಗಲು-ರಾತ್ರಿ ನಡೆಯುತ್ತಿರುತ್ತದೆ. ಕೊರತೆ ಇದ್ದರೆ ಸರಿಪಡಿಸುವುದರಲ್ಲಿ ಎರಡು ಮಾತಿಲ್ಲ. ಬಿ12 ನೋಡದೆ ಸುಮ್ನೆ ಫೋಲಿಕ್ ಆಸಿಡ್ ಜಾಸ್ತಿ ನುಂಗಿದರೆ ರಕ್ತಹೀನತೆ ಮರೆಯಾಗುತ್ತದೆ, ನರಗಳ ಹಾನಿ ಒಳಗೊಳಗೇ ಮುಂದುವರಿಯುತ್ತದೆ.

ಫೋಲಿಕ್ ಆಸಿಡ್-ಜಿಂಕ್ ಜೋಡಿ ಗಂಡಸರಿಗೆ ಅತಿ ಹೆಚ್ಚು ಬರೆದುಕೊಟ್ಟ ಜೋಡಿಗಳಲ್ಲಿ ಒಂದು. ಅಮೆರಿಕದಲ್ಲಿ 2370 ದಂಪತಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2020ರಲ್ಲಿ ಬಂತು. ದಿನಕ್ಕೆ 5 ಮಿಲಿಗ್ರಾಂ ಫೋಲಿಕ್ ಆಸಿಡ್, 30 ಮಿಲಿಗ್ರಾಂ ಜಿಂಕ್, ಆರು ತಿಂಗಳು. ಸಂಖ್ಯೆ, ಚಲನೆ, ಮಕ್ಕಳಾಗುವುದು, ಯಾವುದರಲ್ಲೂ ಲಾಭ ಕಾಣಲಿಲ್ಲ. ವೀರ್ಯಾಣುವಿನ ಡಿಎನ್‌ಎ ತುಂಡಾಗುವುದು ಸ್ವಲ್ಪ ಹೆಚ್ಚೇ ಆಯಿತು, ಹೊಟ್ಟೆನೋವು-ವಾಂತಿಯೂ ಹೆಚ್ಚು ಕಂಡವು. ಇಷ್ಟಾದ ಮೇಲೂ ಎಲ್ಲರಿಗೂ ಕಣ್ಣುಮುಚ್ಚಿ ಈ ಜೋಡಿ ಕೊಡುವುದು ನನಗಂತೂ ಸರಿ ಕಾಣುವುದಿಲ್ಲ.

ಇನ್ನು ಸಿ, ಇ ಮತ್ತು ಸೆಲೆನಿಯಂ. ಇವು ಆಂಟಿಆಕ್ಸಿಡೆಂಟ್‌ಗಳು, ಅಂದರೆ ಆಮ್ಲಜನಕದಿಂದ ಹುಟ್ಟುವ ತೀಕ್ಷ್ಣ ಕಣಗಳಿಂದ ಕೋಶವನ್ನು ಕಾಯುವ ಪದಾರ್ಥಗಳು. ವೀರ್ಯಾಣುವಿನ ಪೊರೆಯಲ್ಲಿ ಬೇಗ ಕೆಡುವ ಕೊಬ್ಬು ಹೆಚ್ಚು, ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುವ ಸಾಮರ್ಥ್ಯ ಕಡಿಮೆ. ವೀರ್ಯದ ದ್ರವದಲ್ಲಿ ರಕ್ತಕ್ಕಿಂತ ಸುಮಾರು ಹತ್ತುಪಟ್ಟು ವಿಟಮಿನ್ ಸಿ ಇರುವುದು ಸುಮ್ನೆ ಅಲ್ಲ. ಆದರೆ ಆ ತೀಕ್ಷ್ಣ ಕಣಗಳು ಚೂರಾದರೂ ಇಲ್ಲದಿದ್ದರೆ ಮೇಲೆ ಹೇಳಿದ ಕೆಪಾಸಿಟೇಶನ್ನೇ ನಡೆಯುವುದಿಲ್ಲ. ಪೂರಾ ಅಳಿಸಿಹಾಕುವುದೂ ತಪ್ಪು. ಚಿಕ್ಕಚಿಕ್ಕ ಪ್ರಯೋಗಗಳನ್ನು ಒಟ್ಟುಮಾಡಿ ನೋಡಿದ, ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆಯ ವಿಮರ್ಶೆ ಲಾಭ ಇರಬಹುದು ಎಂದಿದೆ, ಪುರಾವೆ ದುರ್ಬಲ ಎಂದೂ ಹೇಳಿದೆ. ದಿನಕ್ಕೆ 90 ಮಿಲಿಗ್ರಾಂ ಸಿ ಹಣ್ಣು-ತರಕಾರಿಯಿಂದಲೇ ಬರುತ್ತದೆ. ಸಿಗರೇಟು ಸೇದುವವರಿಗೆ 35 ಹೆಚ್ಚು ಬೇಕು. ವಿಟಮಿನ್ ಇ ದಿನಕ್ಕೆ 15 ಮಿಲಿಗ್ರಾಂ ಸಾಕು. ದಿನವೂ 400 ಯುನಿಟ್ ವರ್ಷಗಟ್ಟಲೆ ತೆಗೆದುಕೊಂಡ ಹಿರಿಯ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇಕಡಾ 17ರಷ್ಟು ಹೆಚ್ಚಾದದ್ದು 2011ರಲ್ಲಿ ವರದಿಯಾಗಿದೆ. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು ಇನ್ನೂ ಹುಷಾರಾಗಿರಬೇಕು.

ವಿಟಮಿನ್ ಎ ಇಲ್ಲದೆ ವೀರ್ಯಾಣು ತಯಾರಿಯೇ ಶುರುವಾಗದು. ಆದರೆ ಹೆಚ್ಚಾದದ್ದು ಯಕೃತ್ತಿನಲ್ಲಿ ಕೂರುತ್ತದೆ. ಕ್ಯಾರೆಟ್, ಸೊಪ್ಪು, ಮೊಟ್ಟೆ ಸಾಕು, ಪ್ರತ್ಯೇಕ ಮಾತ್ರೆ ಬೇಡ.

7. ಡಬ್ಬಿಯ ಹಿಂಬದಿ ಓದಿ

ಗಂಡಸರ ಫಲವಂತಿಕೆಗೆಂದು ಬರುವ ಮಾತ್ರೆಗಳಲ್ಲಿ ಹತ್ತಾರು ಪದಾರ್ಥ ಒಟ್ಟಿಗಿರುತ್ತವೆ. ಅದರ ಮೇಲೆ ಒಂದು ಮಲ್ಟಿವಿಟಮಿನ್, ಒಂದು ಜಿಂಕ್, ಒಂದು ಪ್ರೋಟೀನ್ ಪುಡಿ ಸೇರಿದರೆ ಒಂದೇ ಪದಾರ್ಥ ಮೂರು ಕಡೆಯಿಂದ ಬರುತ್ತದೆ. ಎಲ್ಲ ಡಬ್ಬಿಗಳನ್ನು ಮುಂದಿಟ್ಟುಕೊಂಡು ಕೂಡಿಸಿ ನೋಡಿ. ಜಿಂಕ್ ದಿನಕ್ಕೆ 40 ಮಿಲಿಗ್ರಾಂ ಮೀರಿದರೆ ಕಾಲಕ್ರಮೇಣ ತಾಮ್ರದ ಕೊರತೆ ಆಗುತ್ತದೆ. ಸೆಲೆನಿಯಂ 400 ಮೈಕ್ರೋಗ್ರಾಂ ದಾಟಿದರೆ ಕೂದಲು ಉದುರಿ ಉಗುರು ಪುಡಿಯಾಗಬಹುದು.

ಯಾವ ಯಾವ ಗಿಡಮೂಲಿಕೆ, ಎಷ್ಟೆಷ್ಟು ಎಂದು ಬರೆಯದೆ "ಗುಪ್ತ ಮಿಶ್ರಣ" ಎಂದಿರುವ ಡಬ್ಬಿಯನ್ನು ಅಲ್ಲೇ ಬಿಟ್ಟು ಬನ್ನಿ. ಬಿಪಿ, ಮೂರ್ಛೆ, ಕರುಳಿನ ಉರಿಯೂತ, ಕೂದಲು ಉದುರುವಿಕೆಗೆ ತೆಗೆದುಕೊಳ್ಳುವ ಕೆಲವು ಔಷಧಗಳು ವೀರ್ಯಾಣುವಿನ ಮೇಲೆ ಪರಿಣಾಮ ಬೀರಬಹುದು. ಹಾಗಂತ ನೀವಾಗಿಯೇ ನಿಲ್ಲಿಸಬೇಡಿ, ಬದಲಿ ಇದೆಯಾ ಎಂದು ವೈದ್ಯರನ್ನು ಕೇಳಿ.

8. ಮೂರು ತಿಂಗಳ ನಂತರ

ಮಾತ್ರೆ ಶುರು ಮಾಡಿದ ದಿನಾಂಕ ಬರೆದಿಡಿ. ಮೂರು ತಿಂಗಳಾದ ಮೇಲೆ ಅದೇ ಲ್ಯಾಬಿನಲ್ಲಿ, ಮೊದಲಿನಷ್ಟೇ ದಿನಗಳ ಅಂತರ ಬಿಟ್ಟು ಪರೀಕ್ಷೆ ಮಾಡಿಸಿ. ಮೊದಲ ಸಲ 3 ದಿನ, ಈ ಸಲ 7 ದಿನ ಬಿಟ್ಟರೆ ಎರಡನ್ನೂ ಹೋಲಿಸಲು ಬರುವುದಿಲ್ಲ. ರಕ್ತದಲ್ಲಿ ಕೊರತೆ ಇದ್ದದ್ದು ತುಂಬಿದೆಯಾ ಎಂದೂ ನೋಡಿಸಿ.

ಈ ಮೂರು ತಿಂಗಳು ಪ್ರಯತ್ನ ನಿಲ್ಲಿಸಿ ಕಾಯಬೇಕಿಲ್ಲ. ವೀರ್ಯ ಉಳಿಸಿದರೆ ಬಲಿಯುತ್ತದೆ ಎನ್ನುವುದು ತಪ್ಪು ಕಲ್ಪನೆ. ಗರ್ಭ ನಿಲ್ಲುವ ದಿನಗಳಲ್ಲಿ ದಿನ ಬಿಟ್ಟು ದಿನ ಸೇರಿದರೆ ಸಾಕು.

ರಿಪೋರ್ಟ್ ಕದಲದಿದ್ದರೆ ಇನ್ನೊಂದು ಬ್ರ್ಯಾಂಡಿಗೆ ಹಾರಬೇಡಿ. ಒಂದು ವರ್ಷ ಪ್ರಯತ್ನಿಸಿಯೂ ಆಗದಿದ್ದರೆ, ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ, ಇಬ್ಬರೂ ಒಟ್ಟಿಗೆ ತಜ್ಞರ ಹತ್ತಿರ ಹೋಗಿ. ಹೋಗುವಾಗ ಎರಡೂ ವೀರ್ಯ ರಿಪೋರ್ಟ್, ರಕ್ತದ ರಿಪೋರ್ಟ್, ಮತ್ತೆ ಎಲ್ಲ ಮಾತ್ರೆಗಳ ಡಬ್ಬಿಗಳನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ. ಹೆಸರು ಬಾಯಲ್ಲಿ ಹೇಳಿದರೆ ಡೋಸ್ ಗೊತ್ತಾಗುವುದಿಲ್ಲ.